ಮಂಡ್ಯದ ಮಳೆಗಾಲದಲ್ಲಿ ಏರ್ ರೈಫಲ್ ಇಡೋಕೆ, ಕ್ಲೀನ್ ಮಾಡೋಕೆ ರೂಮ್ ಹೆಂಗಿರ್ಬೇಕು?

ನೀವು ಕೇಳಿರೋದು 4.5 ಎಂಎಂ ನಳಿಕೆಯ, ಗುಂಡಿನ ಶಕ್ತಿ 20 ಜೂಲ್ ಒಳಗಿನ ಏರ್ ರೈಫಲ್ ಅಂದ್ಕೋತೀನಿ, ಅದಕ್ಕೆ ಲೈಸೆನ್ಸ್ ಬೇಡ. ಮದ್ದಿನ ಬಂದೂಕಿನ ಕಾರ್ಟ್ರಿಜ್ (ತೋಟಾ) ತುಂಬೋ ಕೆಲಸ ಆದ್ರೆ ಲೈಸೆನ್ಸ್ ಇಲ್ದೆ ಮನೇಲಿ ಕೈ ಹಾಕ್ಲೇಬೇಡಿ.

ಬಾತ್‌ರೂಮ್ ಗೋಡೆಗೆ ಅಂಟ್ಕೊಂಡಿರೋ ರೂಮ್ ಬೇಡ. ಸುತ್ತ ಗದ್ದೆ, ಕಬ್ಬು, ನಾಲೆ ಇರೋ ಕಡೆ ಮಳೆ ದಿನ ಗಾಳಿ ಆಡ್ಲಿ ಅಂತ ಕಿಟಕಿ ತೆಗೆದಿಟ್ರೆ ಹೊರಗಿನ ತೇವಾನೇ ಒಳಗೆ ಬರೋದು, ಹಂಗಂತ ಇಡೀ ರೂಮ್ ಒಣಗಿಸೋಕೂ ಹೋಗ್ಬೇಡಿ, ಕರೆಂಟ್ ಬಿಲ್ ದಂಡ. ರಬ್ಬರ್ ಪಟ್ಟಿ ಇರೋ ಟೈಟ್ ಪೆಟ್ಟಿಗೆ, ಒಳಗೆ ತೇವ ಹೀರೋ ಸಿಲಿಕಾ ಜೆಲ್, ತೇವಾಂಶ ಅಳೆಯೋ ಒಂದು ಸಣ್ಣ ಹೈಗ್ರೋಮೀಟರ್ ಸಾಕು. ತೇವಾಂಶ 50% ಆಸುಪಾಸು ಇದ್ರೆ ನೆಮ್ಮದಿ, 60 ದಾಟಿದ್ರೆ ತುಕ್ಕು ಜೋರು. ಜೆಲ್ ಬಣ್ಣ ಬದಲಾದ್ರೆ 120 ಡಿಗ್ರಿ ಹತ್ರ ಒಂದೆರಡು ಗಂಟೆ ಬಿಸಿ ಮಾಡಿ ಮತ್ತೆ ಬಳಸಬಹುದು.

ರೈಫಲ್ ಜೊತೆಗೆ ಬರೋ ಫೋಮ್ ಬ್ಯಾಗ್ ತಗೊಂಡು ಹೋಗೋಕಷ್ಟೇ, ಅದು ನೀರು ಹೀರ್ಕೊಂಡು ಕಬ್ಬಿಣಕ್ಕೇ ಒತ್ತಿಟ್ಕೊಳತ್ತೆ. ಬೆವರು ಕೈ ತಾಗಿದ್ ಜಾಗ ಒರೆಸಿ ತೆಳ್ಳಗೆ ಎಣ್ಣೆ ಸವರಿ, ಆದ್ರೆ ಸ್ಪ್ರಿಂಗ್ ಗನ್ನಿನ ಕಂಪ್ರೆಷನ್ ಚೇಂಬರ್ (ಗಾಳಿ ಒತ್ತೋ ಕೋಣೆ) ಒಳಗೆ ಮಾತ್ರ ಹೊಲಿಗೆ ಮಿಷನ್ ಎಣ್ಣೆ ಬಿಡ್ಬೇಡಿ, ಒತ್ತಡದ ಬಿಸಿಗೆ ಹತ್ಕೊಂಡು ಸೀಲ್ ಹಾಳಾಗತ್ತೆ.

ಪೆಲೆಟ್ (ಏರ್ ರೈಫಲ್ ಗುಂಡು) ಸೀಸದ್ದು, ತೇವಕ್ಕೆ ಬಿಳಿ ಪುಡಿ ಬಂದಿದ್ರೆ ಎಸೀರಿ. ಆ ಬೆಂಚಲ್ಲಿ ಟೀ, ಬೋಂಡ ಇಡ್ಬೇಡಿ, ಎದ್ಮೇಲೆ ಸೋಪ್ ಹಾಕಿ ಕೈ ತೊಳೀರಿ.