ಹಳೆಯ ಸಿಜೆ-3ಬಿ ಜೀಪಿನ ದುರಸ್ತಿ: ಮೊದಲು ಬ್ರೇಕು ಮತ್ತು ಸ್ಟೀರಿಂಗು, ಬಣ್ಣ ಕೊನೆಗೆ

ನಿಮ್ಮ ಪ್ರಶ್ನೆಯನ್ನೂ ಅದಕ್ಕೆ ಬಂದಿರುವ ಉತ್ತರಗಳನ್ನೂ ಪೂರ್ತಿಯಾಗಿ ಓದಿದೆ. ಬಹಳ ವರ್ಷ ಓಡದೆ ನಿಂತಿದ್ದ, 1950ರ ದಶಕದ ವಿಲ್ಲಿಸ್ ಸಿಜೆ-3ಬಿ ಜೀಪು ನಿಮ್ಮ ಕೈಗೆ ಬಂದಿದೆ. ಹಳೆಯ ವಾಹನವನ್ನು ಇಟ್ಟುಕೊಳ್ಳುವುದು ನಿಮಗೆ ಇದೇ ಮೊದಲು. ಎಂಜಿನ್ ತಿರುಗುತ್ತದೆ ಆದರೆ ಸ್ಟಾರ್ಟ್ ಆಗಿಲ್ಲ, ಬ್ರೇಕ್ ಪೆಡಲ್ ಒತ್ತಿದರೆ ನೆಲಕ್ಕೇ ಹೋಗುತ್ತದೆ, ನೆಲದ ತಗಡಿನಲ್ಲಿ ತೂತುಗಳಿವೆ. ಎಲ್ಲವನ್ನೂ ಬಿಚ್ಚಿ ಬರಿಯ ಚಾಸಿಗೆ ಇಳಿಸಿ, ಮರಳು ಹೊಡೆಸಿ, ಅಲ್ಲಿಂದ ಮೇಲಕ್ಕೆ ಕಟ್ಟಿಕೊಂಡು ಬನ್ನಿ ಎಂದು ಇಲ್ಲಿ ಕೆಲವರು ಹೇಳಿದ್ದಾರೆ. ಈ ಕೆಲಸದಲ್ಲಿ ಕೈ ಪಳಗಿದವರಿಗೆ ಆ ಕ್ರಮ ಸರಿಯಾದದ್ದೇ. ಆದರೆ ಮೊದಲ ಸಲ ಕೈಹಾಕುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ, ಏಕೆಂದರೆ ಬಿಚ್ಚುವ ಮೊದಲು ನೀವು ಅದನ್ನು ಒಮ್ಮೆಯೂ ಓಡಿಸಿ ನೋಡಿಲ್ಲ. ಎರಡನೆಯ ಗೇರು ತಾನಾಗಿ ಕಳಚಿಕೊಳ್ಳುತ್ತದೆಯೇ, ಸ್ಟೀರಿಂಗು ಒಂದು ಕಡೆಗೆ ಎಳೆಯುತ್ತದೆಯೇ, ಕ್ಲಚ್ ಜಾರುತ್ತದೆಯೇ, ಹಿಂದಿನ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಗೊರಗುಟ್ಟುತ್ತದೆಯೇ ಎಂಬುದು ಓಡುವ ಜೀಪಿನಲ್ಲಿ ಮಾತ್ರ ತಿಳಿಯುತ್ತದೆ. ಅದನ್ನು ತಿಳಿಯದೆ ಬಿಚ್ಚಿದರೆ ಸರಿಯಿರುವ ಭಾಗಕ್ಕೆ ಹಣ ಸುರಿದು, ಸವೆದ ಭಾಗವನ್ನು ಹಾಗೆಯೇ ಮರಳಿ ಜೋಡಿಸುವ ಸಾಧ್ಯತೆ ಹೆಚ್ಚು. ಆದ್ದರಿಂದ ಮೊದಲು ಅದನ್ನು ನಿಲ್ಲುವ, ತಿರುಗುವ, ಓಡುವ ವಾಹನವಾಗಿ ಮಾಡಿಕೊಳ್ಳಿ. ಕೆಲವು ತಿಂಗಳು ನಿಧಾನವಾಗಿ ಓಡಿಸಿ, ಅದರ ದೋಷಗಳನ್ನು ಬರೆದಿಟ್ಟುಕೊಂಡು, ಆಮೇಲೆ ಏನನ್ನು ಎಷ್ಟು ಬಿಚ್ಚಬೇಕೆಂದು ನಿರ್ಧರಿಸಿ.

ಯಾವುದೇ ನಟ್ಟಿಗೆ ಸ್ಪ್ಯಾನರ್ ಹಾಕುವ ಮೊದಲು ನಿಮ್ಮ ಬಳಿ ಇರುವುದು ಏನು ಎಂಬುದನ್ನು ಖಚಿತಪಡಿಸಿಕೊಳ್ಳಿ. ಸಿಜೆ-3ಬಿ ತಯಾರಾದದ್ದು 1953ರಿಂದ 1968ರವರೆಗೆ. ಇದರ ಬಾನೆಟ್ ಹಿಂದಿನ ಜೀಪುಗಳಿಗಿಂತ ಎತ್ತರವಾಗಿರುವುದಕ್ಕೆ ಕಾರಣ ಒಳಗಿರುವ ಹರಿಕೇನ್ ಎಂಜಿನ್. ಯುದ್ಧಕಾಲದ ಜೀಪಿನ ಗೋ ಡೆವಿಲ್ ಎಂಜಿನ್ನಿನಲ್ಲಿ ಎರಡೂ ಬಗೆಯ ವಾಲ್ವುಗಳು ಬ್ಲಾಕಿನ ಪಕ್ಕದಲ್ಲಿದ್ದರೆ, ಇದರಲ್ಲಿ ಇನ್‌ಟೇಕ್ ವಾಲ್ವುಗಳು ಹೆಡ್ಡಿನಲ್ಲಿಯೂ ಎಕ್ಸಾಸ್ಟ್ ವಾಲ್ವುಗಳು ಬ್ಲಾಕಿನಲ್ಲಿಯೂ ಇವೆ. ಎರಡರ ಗಾತ್ರವೂ 2.2 ಲೀಟರ್. ಜಪಾನಿನಲ್ಲಿ ಮಿತ್ಸುಬಿಷಿ, ಭಾರತದಲ್ಲಿ ಮಹೀಂದ್ರಾ ಪರವಾನಗಿ ಪಡೆದು ಇದೇ ಜೀಪನ್ನು ಬಹಳ ಕಾಲ ತಯಾರಿಸಿದ್ದರಿಂದ ಬಿಡಿಭಾಗಗಳಿಗೆ ಇಂದಿಗೂ ಅಷ್ಟೇನೂ ಬರವಿಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಬೇರೆ ಬೇರೆ ಕೈಗಳಲ್ಲಿ ಎಂಜಿನ್, ಗೇರ್ ಬಾಕ್ಸು, ಆಕ್ಸಲ್ ಎಲ್ಲವೂ ಬದಲಾಗಿರಬಹುದು. ಚಾಸಿಯ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ದಾಖಲೆಯಲ್ಲಿರುವುದಕ್ಕೆ ಹೊಂದುತ್ತವೆಯೇ ಎಂದು ನೋಡಿ, ಆ ಸಂಖ್ಯೆಯ ಪಟ್ಟಿಗಳ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ತುಕ್ಕು ಕೆರೆಯುವವರು ಅವನ್ನೂ ಉಜ್ಜಿ ಅಳಿಸಿಬಿಟ್ಟರೆ ಆ ನಷ್ಟವನ್ನು ಯಾವ ವರ್ಕ್‌ಶಾಪೂ ತುಂಬಿಕೊಡಲಾರದು. ಆ ಮಾದರಿಯ ಮೂಲ ವರ್ಕ್‌ಶಾಪ್ ಕೈಪಿಡಿಯ ಪ್ರತಿಯೊಂದನ್ನು ಸಂಪಾದಿಸಿಕೊಳ್ಳಿ. ಈ ಜೀಪಿನ ನಟ್ಟು ಬೋಲ್ಟುಗಳು ಇಂಚಿನ ಅಳತೆಯವು, ಹಾಗಾಗಿ ಸ್ಪ್ಯಾನರ್‌ಗಳೂ ಇಂಚಿನವೇ ಬೇಕು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್, ಅದಕ್ಕೆ 13ರ ಸ್ಪ್ಯಾನರ್ ಹಾಕಿ ಜೋರು ಮಾಡಿದರೆ ತುಕ್ಕು ಹಿಡಿದ ನಟ್ಟಿನ ಮೂಲೆಗಳು ಉರುಟಾಗಿಬಿಡುತ್ತವೆ.

ಈಗ ಬ್ರೇಕಿನ ವಿಷಯ. ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಇದು ಎಂಜಿನ್ನಿನ ನಂತರ ಬಂದಿದೆ, ಆದರೆ ಬರಬೇಕಾದದ್ದು ಮೊದಲು. ಈ ಜೀಪಿನಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಒಂದೇ ಎಣ್ಣೆಯ ದಾರಿ. ಎಲ್ಲಿಯಾದರೂ ಒಂದು ಪೈಪು ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೇ ಹೋಗುತ್ತದೆ. ಆದ್ದರಿಂದ ಸೋರುವ ಒಂದು ವೀಲ್ ಸಿಲಿಂಡರನ್ನು (ಚಕ್ರದಲ್ಲಿ ಬ್ರೇಕನ್ನು ಒತ್ತುವ ಸಿಲಿಂಡರನ್ನು) ಮಾತ್ರ ಬದಲಿಸಿ ಸುಮ್ಮನಾಗಬೇಡಿ. ಪೆಡಲ್ ಒತ್ತಿದಾಗ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರ್, ನಾಲ್ಕೂ ವೀಲ್ ಸಿಲಿಂಡರ್‌ಗಳು, ರಬ್ಬರ್ ಹೋಸುಗಳು, ಲೋಹದ ಪೈಪುಗಳು ಇವಿಷ್ಟನ್ನೂ ಒಟ್ಟಿಗೇ ಹೊಸದಾಗಿಸಿ. ಹಳೆಯ ರಬ್ಬರ್ ಹೋಸು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಆದರೆ ಒಳಗೆ ಊದಿಕೊಂಡು ಎಣ್ಣೆಯನ್ನು ಹಿಂದಕ್ಕೆ ಬಿಡುವುದಿಲ್ಲ. ಪೆಡಲ್ ಬಿಟ್ಟ ಮೇಲೂ ಒಂದು ಚಕ್ರ ಹಿಡಿದುಕೊಂಡೇ ಇದ್ದು ಡ್ರಮ್ ಕಾಯುವುದಕ್ಕೆ ಇದು ಸಾಮಾನ್ಯ ಕಾರಣ. ಬ್ರೇಕ್ ಎಣ್ಣೆಯಲ್ಲಿ ಡಾಟ್ 3 ಅಥವಾ ಡಾಟ್ 4 ದರ್ಜೆಯದನ್ನು ಹಾಕಿದರೆ ಅದನ್ನೇ ಮುಂದುವರಿಸಿ. ಸಿಲಿಕೋನಿನ ಡಾಟ್ 5 ಎಣ್ಣೆ ಇವುಗಳೊಂದಿಗೆ ಬೆರೆಯುವುದಿಲ್ಲ. ಹಿಂದಿನವರು ಯಾವುದನ್ನು ತುಂಬಿದ್ದರೆಂದು ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಹೊರತೆಗೆದು, ರಬ್ಬರ್ ಭಾಗಗಳನ್ನು ಬದಲಿಸಿಯೇ ಹೊಸದನ್ನು ತುಂಬಬೇಕು.

ಡ್ರಮ್ ತೆಗೆಯುವಾಗ ಒಳಗಿನ ಧೂಳನ್ನು ಗಾಳಿಯಿಂದ ಊದಬೇಡಿ. ಆ ಕಾಲದ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಸರಿಯಾದ ಮಾಸ್ಕ್ ಧರಿಸಿ, ಧೂಳನ್ನು ಒದ್ದೆ ಮಾಡಿ, ಒರೆಸಿದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಹಿಂದಿನ ಹಬ್ಬುಗಳು ಮೊನಚಾಗುತ್ತ ಹೋಗುವ ಆಕ್ಸಲ್ ತುದಿಯ ಮೇಲೆ ಬಿಗಿಯಾಗಿ ಕೂತಿರುತ್ತವೆ, ಅವನ್ನು ತೆಗೆಯಲು ಗಟ್ಟಿಯಾದ ಪುಲ್ಲರ್ ಬೇಕು. ಆಕ್ಸಲ್ ನಟ್ಟನ್ನು ಪೂರ್ತಿ ಬಿಚ್ಚದೆ ಕೆಲವು ಸುತ್ತು ಸಡಿಲಿಸಿ ತುದಿಯಲ್ಲೇ ಬಿಟ್ಟಿರಿ, ಏಕೆಂದರೆ ಹಬ್ಬು ಬಿಟ್ಟುಕೊಳ್ಳುವಾಗ ಗುಂಡಿನಂತೆ ಚಿಮ್ಮುತ್ತದೆ. ಎಡಬದಿಯ ಚಕ್ರದ ನಟ್ಟುಗಳಿಗೆ ಎಡ ತಿರುಪು ಇರಬಹುದು. ಸ್ಟಡ್ಡಿನ ತುದಿಯಲ್ಲಿ ಎಲ್ ಅಕ್ಷರವಿದೆಯೇ ನೋಡಿಕೊಳ್ಳದೆ ಉದ್ದನೆಯ ಪೈಪು ಹಾಕಿ ತಿರುಗಿಸಿದರೆ ಸ್ಟಡ್ಡೇ ತುಂಡಾಗುತ್ತದೆ.

ಹ್ಯಾಂಡ್ ಬ್ರೇಕಿನ ಬಗ್ಗೆ ಒಂದು ಎಚ್ಚರಿಕೆಯನ್ನು ದಯವಿಟ್ಟು ನೆನಪಿಡಿ. ಇದರ ಹ್ಯಾಂಡ್ ಬ್ರೇಕು ಚಕ್ರಗಳಲ್ಲಿ ಇಲ್ಲ; ಟ್ರಾನ್ಸ್‌ಫರ್ ಕೇಸಿನ (ಗೇರ್ ಬಾಕ್ಸಿನಿಂದ ಬರುವ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಪೆಟ್ಟಿಗೆಯ) ಹಿಂಭಾಗದಲ್ಲಿ, ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವ ಒಂದು ಚಿಕ್ಕ ಡ್ರಮ್ಮಿನಲ್ಲಿದೆ. ಹಿಂದಿನ ಒಂದು ಚಕ್ರವನ್ನು ಜ್ಯಾಕಿನಿಂದ ಎತ್ತಿದ ಕೂಡಲೇ ಡಿಫರೆನ್ಷಿಯಲ್‌ನ ಮೂಲಕ ಆ ಚಕ್ರ ತಿರುಗಲು ದಾರಿಯಾಗುತ್ತದೆ, ನೆಲದ ಮೇಲಿರುವ ಚಕ್ರವೂ ಉರುಳಬಲ್ಲದು. ಹ್ಯಾಂಡ್ ಬ್ರೇಕ್ ಎಳೆದಿದ್ದರೂ, ಗೇರಿನಲ್ಲಿದ್ದರೂ ಜೀಪು ಜ್ಯಾಕಿನಿಂದ ಜಾರಿ ಬೀಳುವುದು ಹೀಗೆಯೇ. ಆದ್ದರಿಂದ ಪ್ರತಿ ಸಲವೂ ಸಮತಟ್ಟಾದ ಗಟ್ಟಿ ನೆಲದಲ್ಲಿ, ಇತರ ಚಕ್ರಗಳ ಎರಡೂ ಬದಿಗೆ ಮರದ ಅಡ್ಡಿ ಕೊಟ್ಟು, ಭಾರವನ್ನು ಜ್ಯಾಕಿನ ಮೇಲಲ್ಲ, ಸ್ಟ್ಯಾಂಡುಗಳ ಮೇಲೆ ಕೂರಿಸಿದ ಬಳಿಕವೇ ಕೆಳಗೆ ಹೋಗಿ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸೀಲು ಸೋರುತ್ತಿದ್ದರೆ ಆ ಎಣ್ಣೆ ನೇರವಾಗಿ ಈ ಡ್ರಮ್ಮಿಗೇ ಇಳಿಯುತ್ತದೆ, ಹಾಗಾಗಿ ಸೀಲು ಬದಲಿಸದೆ ಲೈನಿಂಗು ಮಾತ್ರ ಬದಲಿಸಿ ಪ್ರಯೋಜನವಿಲ್ಲ.

ಸ್ಟೀರಿಂಗಿನಲ್ಲಿ ಆಟ ಹೆಚ್ಚಾಗಿದ್ದರೆ ಎಲ್ಲರೂ ಸ್ಟೀರಿಂಗ್ ಬಾಕ್ಸಿನ ಮೇಲೆ ಗೂಬೆ ಕೂರಿಸುತ್ತಾರೆ. ಆದರೆ ಈ ಜೀಪಿನಲ್ಲಿ ಬಾಕ್ಸಿಗೂ ಟೈ ರಾಡುಗಳಿಗೂ ನಡುವೆ ಮುಂಭಾಗದಲ್ಲಿ ಬೆಲ್ ಕ್ರ್ಯಾಂಕ್ ಎಂಬ ತಿರುಗುವ ತೋಳೊಂದಿದೆ, ಸವೆಯುವುದು ಬಹುತೇಕ ಅದೇ. ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಅಲ್ಲಾಡಿಸಲಿ, ನೀವು ಕೆಳಗಿನಿಂದ ಒಂದೊಂದೇ ಕೀಲನ್ನು ನೋಡುತ್ತ ಹೋಗಿ. ಎಲ್ಲಿ ಚಲನೆ ಕಳೆದುಹೋಗುತ್ತದೆಯೆಂದು ಕಣ್ಣಿಗೇ ಕಾಣುತ್ತದೆ. ಆ ಬಳಿಕ ಮುಂದಿನ ಚಕ್ರವನ್ನು ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ. ಆಟವಿದ್ದರೆ ವೀಲ್ ಬೇರಿಂಗ್ ಅಥವಾ ಚಕ್ರ ಎಡಬಲಕ್ಕೆ ಹೊರಳುವ ಕೀಲಾದ ಕಿಂಗ್‌ಪಿನ್ ಬೇರಿಂಗ್ ಸಡಿಲವಾಗಿದೆ. ಕಿಂಗ್‌ಪಿನ್ ಬಿಗಿಯನ್ನು ತೆಳು ಶಿಮ್ಮುಗಳಿಂದ (ಲೋಹದ ಬಿಲ್ಲೆಗಳಿಂದ) ಸರಿಪಡಿಸಬೇಕು. ಇದನ್ನು ಅಲಕ್ಷಿಸಿದರೆ ವೇಗದಲ್ಲಿ ಸಣ್ಣ ಗುಂಡಿಗೆ ಬಿದ್ದಾಗ ಮುಂದಿನ ಚಕ್ರಗಳೆರಡೂ ತಡೆಯಿಲ್ಲದೆ ಅದುರತೊಡಗುತ್ತವೆ.

ಎಂಜಿನ್ ತಿರುಗುತ್ತದೆ ಎಂಬುದು ಒಳ್ಳೆಯ ಸುದ್ದಿ. ಆದರೂ ಬ್ಯಾಟರಿ ಜೋಡಿಸಿ ಒಂದೇ ಸಮನೆ ಸ್ಟಾರ್ಟರ್ ಒತ್ತಬೇಡಿ. ಮೊದಲು ಡಿಪ್ ಸ್ಟಿಕ್ ತೆಗೆದು ಎಣ್ಣೆ ನೋಡಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ, ಕಾರಣ ತಿಳಿಯುವವರೆಗೆ ಮುಂದುವರಿಯಬಾರದು. ಎಣ್ಣೆ ಸರಿಯಿದ್ದರೂ ಅದನ್ನು ಇಳಿಸಿ ಹೊಸದನ್ನು ತುಂಬಿ. ನಾಲ್ಕೂ ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿಗೂ ಒಂದೊಂದು ಚಮಚ ಎಣ್ಣೆ ಬಿಟ್ಟು ಒಂದು ದಿನ ಹಾಗೆಯೇ ಇರಲಿ. ಮಾರನೆಯ ದಿನ ಹ್ಯಾಂಡಲ್‌ನಿಂದ ಕೈಯಲ್ಲೇ ನಿಧಾನವಾಗಿ ತಿರುಗಿಸಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಬದಿಯಲ್ಲೇ ಇರಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ. ವಾಲ್ವ್ ಕವರುಗಳನ್ನು ತೆಗೆದು ಎಲ್ಲ ವಾಲ್ವುಗಳೂ ಏರಿ ಇಳಿಯುತ್ತಿವೆಯೇ ನೋಡಿ. ಬಹುಕಾಲ ನಿಂತ ಎಂಜಿನ್ನಿನಲ್ಲಿ ಎಕ್ಸಾಸ್ಟ್ ವಾಲ್ವು ಅಂಟಿಕೊಂಡಿರುವುದು ಅಪರೂಪವಲ್ಲ. ಅದಾದ ಮೇಲೆ ಪ್ಲಗ್ಗು ಇಲ್ಲದೆಯೇ ಸ್ಟಾರ್ಟರ್‌ನಿಂದ ತಿರುಗಿಸಿ, ಆಯಿಲ್ ಪ್ರೆಷರ್ ಗೇಜಿನ ಮುಳ್ಳು ಏಳುವವರೆಗೂ ಪ್ಲಗ್ಗು ಹಾಕಬೇಡಿ.

ಪ್ಲಗ್ ಗ್ಯಾಪು 0.030 ಇಂಚು, ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿಯುವ, ಡಿಸ್ಟ್ರಿಬ್ಯೂಟರಿನೊಳಗಿನ ಸ್ವಿಚ್ಚು) ಗ್ಯಾಪು 0.020 ಇಂಚು, ಸಿಲಿಂಡರುಗಳಿಗೆ ಕಿಡಿ ಹೋಗುವ ಫೈರಿಂಗ್ ಕ್ರಮ 1-3-4-2. ವರ್ಷಗಟ್ಟಲೆ ನಿಂತ ಪಾಯಿಂಟುಗಳ ಮೇಲೆ ಕಿಲುಬು ಕಟ್ಟಿರುತ್ತದೆ, ಸ್ವಚ್ಛಗೊಳಿಸಿದ ಮೇಲೆ ಕಿಡಿ ಬರುವ ಸಾಧ್ಯತೆ ಹೆಚ್ಚು. ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಕೆಳಗಿದೆ. ಅದರೊಳಗಿನ ಹಳೆಯ ಪೆಟ್ರೋಲು ಅಂಟಾಗಿ, ತಳದಲ್ಲಿ ತುಕ್ಕಿನ ಪುಡಿ ಕೂತಿರುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಟ್ಯಾಂಕಿನ ಸಂಪರ್ಕ ತಪ್ಪಿಸಿ, ಶುದ್ಧ ಪೆಟ್ರೋಲಿನ ಚಿಕ್ಕ ಕ್ಯಾನಿನಿಂದ ಕೊಡಿ, ಪಕ್ಕದಲ್ಲಿ ಅಗ್ನಿಶಾಮಕ ಇರಲಿ. ಟ್ಯಾಂಕು ತೂತಾಗಿದ್ದರೆ ಅದಕ್ಕೆ ನೀವೇ ಬೆಸುಗೆ ಹಾಕಲು ಹೋಗಬೇಡಿ. ಖಾಲಿ ಟ್ಯಾಂಕಿನೊಳಗಿನ ಆವಿ ತುಂಬಿದ ಟ್ಯಾಂಕಿಗಿಂತಲೂ ಅಪಾಯಕರ. ಎಂಜಿನ್ ಓಡಿ ಬಿಸಿಯಾದ ನಂತರ ಕಂಪ್ರೆಷನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ಅಳೆಯಿರಿ. ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ ಅದರಲ್ಲಿ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಅಳತೆ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಈ ಪರೀಕ್ಷೆಗೆ ಮುನ್ನ ಎಂಜಿನ್ ಇಳಿಸಿ ಬೋರ್ ಮಾಡಿಸುವ (ಸಿಲಿಂಡರನ್ನು ಕೊರೆದು ಅಗಲಿಸುವ) ಮಾತೇ ಬೇಡ.

ವೈರಿಂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಬಟ್ಟೆಯ ಹೊದಿಕೆಯ ಹಳೆಯ ತಂತಿಗಳು ಬಿರುಕು ಬಿಟ್ಟಿದ್ದರೆ ಪೂರ್ತಿ ಬದಲಿಸಿ, ನಡುನಡುವೆ ಟೇಪು ಸುತ್ತುವುದು ಬೇಡ. ಆರಂಭದ ವರ್ಷಗಳ ಜೀಪುಗಳು 6 ವೋಲ್ಟಿನವು. ಅದೇ ಶಕ್ತಿಗೆ 12 ವೋಲ್ಟಿನದಕ್ಕಿಂತ ಎರಡು ಪಟ್ಟು ಕರೆಂಟು ಹರಿಯಬೇಕಾದ್ದರಿಂದ ದಪ್ಪ ಕೇಬಲ್ ಅಗತ್ಯ. ಸ್ಟಾರ್ಟರ್ ಮಂದವಾಗಿ ತಿರುಗುತ್ತಿದ್ದರೆ ಅದನ್ನು ಬಿಚ್ಚುವ ಮೊದಲು ಕೇಬಲ್ಲಿನ ದಪ್ಪವನ್ನೂ ಅರ್ಥ್ ಸಂಪರ್ಕವನ್ನೂ ನೋಡಿ.

ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು, ಎರಡೂ ಆಕ್ಸಲ್‌ಗಳ ಎಣ್ಣೆಯನ್ನು ಇಳಿಸಿ, ಅದರಲ್ಲಿ ಲೋಹದ ಚೂರುಗಳಿವೆಯೇ ಎಂದು ಬೆರಳಲ್ಲಿ ಉಜ್ಜಿ ನೋಡಿ. ಇದರ ಮೂರು ಗೇರಿನ ಬಾಕ್ಸಿನಲ್ಲಿ ಗೇರು ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳಿರುವುದರಿಂದ ಅಲ್ಲಿಗೆ ಜಿಎಲ್-4 ದರ್ಜೆಯ ಎಣ್ಣೆ ಸೂಕ್ತ. ಜಿಎಲ್-5ರಲ್ಲಿರುವ ಗಂಧಕದ ಸಂಯುಕ್ತಗಳು ಹಿತ್ತಾಳೆಗೆ ಒಗ್ಗುವುದಿಲ್ಲ. ಮೊದಲನೆಯ ಗೇರಿಗೆ ಸಿಂಕ್ರೊ ಇಲ್ಲ, ಹಾಗಾಗಿ ಓಡುತ್ತಿರುವಾಗ ಅದಕ್ಕೆ ಹಾಕಿದರೆ ಕಿರುಗುಟ್ಟುವುದು ದೋಷವಲ್ಲ. ಗೇರ್ ಬಾಕ್ಸಿನಲ್ಲಿ ಎಣ್ಣೆ ಇಳಿಯುತ್ತ ಟ್ರಾನ್ಸ್‌ಫರ್ ಕೇಸಿನಲ್ಲಿ ಏರುತ್ತಿದ್ದರೆ ಎರಡರ ನಡುವಿನ ಸೀಲು ಹೋಗಿದೆ. ನಾಲ್ಕು ಚಕ್ರದ ಚಾಲನೆಯನ್ನು ಮಣ್ಣು, ಕೆಸರು, ಮರಳಿನಲ್ಲಿ ಮಾತ್ರ ಬಳಸಿ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದಿರುವುದರಿಂದ ಒಣ ಡಾಂಬರು ರಸ್ತೆಯ ತಿರುವಿನಲ್ಲಿ ಶಾಫ್ಟುಗಳು ಬಿಗಿದುಕೊಂಡು ಟ್ರಾನ್ಸ್‌ಫರ್ ಕೇಸು ಸವೆಯುತ್ತದೆ. ಇದೇ ಕಾರಣಕ್ಕೆ ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರಬೇಕು. ಟೈರಿನ ಕಚ್ಚು ಹೊಸದರಂತೆ ಕಂಡರೂ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ನೋಡಿ: ಮೊದಲೆರಡು ವಾರವನ್ನು, ಕೊನೆಯೆರಡು ವರ್ಷವನ್ನು ಸೂಚಿಸುತ್ತವೆ. ಮೂರೇ ಅಂಕಿಗಳಿದ್ದರೆ ಆ ಟೈರು 2000ಕ್ಕಿಂತ ಹಿಂದಿನದು, ಅದರ ಮೇಲೆ ರಸ್ತೆಗಿಳಿಯಬೇಡಿ.

ತುಕ್ಕಿನ ವಿಷಯದಲ್ಲಿ ನೀವು ನೆಲದ ತೂತುಗಳನ್ನು ಕಂಡು ಗಾಬರಿಯಾಗಿದ್ದೀರಿ. ಹಾಳಾದ ನೆಲದ ತಗಡನ್ನು ಕತ್ತರಿಸಿ ಹೊಸದನ್ನು ಹಾಕಬಹುದು. ನಿಜವಾಗಿ ನೋಡಬೇಕಾದದ್ದು ಅದರ ಕೆಳಗಿನ ಅಡ್ಡ ಚಾನೆಲ್‌ಗಳನ್ನು ಮತ್ತು ಚಾಸಿಯನ್ನು. ಆ ಚಾನೆಲ್‌ಗಳೊಳಗೆ ನೀರು ನಿಂತು ಒಳಗಿನಿಂದಲೇ ತಿಂದಿರುತ್ತದೆ. ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ; ಗಟ್ಟಿ ಕಬ್ಬಿಣ ಖಣಿಲೆನ್ನುತ್ತದೆ, ತುಕ್ಕು ತಿಂದದ್ದು ಮಂದವಾಗಿ ಕೇಳುತ್ತದೆ. ಮುಂದಿನ ಸ್ಪ್ರಿಂಗುಗಳನ್ನು ಹಿಡಿದಿರುವ ಹ್ಯಾಂಗರ್‌ಗಳ ಸುತ್ತಲೂ, ಕ್ರಾಸ್ ಮೆಂಬರ್‌ಗಳು ಸೇರುವ ರಿವೆಟ್ಟುಗಳ ಬಳಿಯೂ ಬಿರುಕುಗಳಿವೆಯೇ ಎಂದು ತೊಳೆದು, ಬೆಳಕು ಹಿಡಿದು ನೋಡಿ. ಚಾಸಿಯ ಮೂಲೆಯಿಂದ ಎದುರು ಮೂಲೆಗೆ ಅಳೆದ ಎರಡೂ ಕರ್ಣಗಳು ಒಂದೇ ಬಂದರೆ ಚಾಸಿ ವಕ್ರವಾಗಿಲ್ಲ. ನೆಲ ಕತ್ತರಿಸುವಾಗ ಬಾಡಿಯನ್ನು ಚಾಸಿಯಿಂದ ಎತ್ತಬೇಡಿ. ಬೋಲ್ಟು ಬಿಗಿದೇ ಇಟ್ಟು, ಬಾಗಿಲ ತೆರಪುಗಳಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಗಳನ್ನು ತಾತ್ಕಾಲಿಕವಾಗಿ ಬೆಸೆದು, ಒಂದು ಬದಿ ಮುಗಿದ ಮೇಲೆ ಇನ್ನೊಂದನ್ನು ಕತ್ತರಿಸಿ. ಇಲ್ಲದಿದ್ದರೆ ಟಬ್ಬು (ತೊಟ್ಟಿಯಂಥ ಬಾಡಿ) ಅಗಲವಾಗಿ ಬಿಚ್ಚಿಕೊಂಡು ಮುಂದೆ ವಿಂಡ್‌ಸ್ಕ್ರೀನಿನ ಚೌಕಟ್ಟು ಕೂರುವುದೇ ಇಲ್ಲ. ಬೆಸುಗೆಗೆ ಮುಂಚೆ ಟ್ಯಾಂಕನ್ನೂ ಪೆಟ್ರೋಲ್ ಪೈಪನ್ನೂ ವಾಹನದಿಂದ ದೂರ ಇಡಿ, ಬ್ಯಾಟರಿ ಕಳಚಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಒಣಗಿಸಿ ಉಜ್ಜಬೇಡಿ, ನೀರು ಹಾಕಿ ಉಜ್ಜಿ.

ಬಣ್ಣವನ್ನು ಈ ಎಲ್ಲ ಕೆಲಸಗಳ ನಂತರಕ್ಕೆ ಬಿಡಿ. ಹೊಸ ಬಣ್ಣದ ಮೇಲೆ ಬ್ರೇಕ್ ಎಣ್ಣೆ ಚೆಲ್ಲಿದರೆ ಅದು ಬಣ್ಣವನ್ನೇ ಎಬ್ಬಿಸುತ್ತದೆ. ಅಲ್ಲಿಯವರೆಗೆ ಬೆಸುಗೆ ಹಾಕಿದ ಕಡೆಗಳಲ್ಲಿ ಎಪಾಕ್ಸಿ ಪ್ರೈಮರ್ ಹಚ್ಚಿಟ್ಟರೆ ಸಾಕು.

ಮುಂದಿನ ಹಂತಕ್ಕೆ ನನಗೆ ಎರಡು ಸಂಗತಿಗಳು ಬೇಕು: ಮುಂದಿನ ಸ್ಪ್ರಿಂಗ್ ಹ್ಯಾಂಗರ್‌ಗಳನ್ನು ತೊಳೆದ ಮೇಲೆ ತೆಗೆದ ಹತ್ತಿರದ ಫೋಟೊಗಳು, ಮತ್ತು ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಅಳತೆ. ಅವನ್ನು ಇಲ್ಲಿಯೇ ಹಾಕಿದರೆ ಚಾಸಿಗೆ ಪಟ್ಟಿ ಬೆಸೆಯುವುದು ಸಾಕೇ, ಎಂಜಿನ್ ಇಳಿಸಬೇಕೇ ಎಂಬುದನ್ನು ನೋಡಿ ಹೇಳಬಹುದು.