ಮೊದಲು ಲ್ಯಾಬಿನ ಬೀಗ ತೆಗೆಸಿ

ಪತ್ರ: ಮಗಳು ಫಸ್ಟ್ ಪಿಯುಸಿ. ಫಿಸಿಕ್ಸ್ ಅಂದ್ರೆ ಪ್ರಾಣ, ಒಲಿಂಪಿಯಾಡ್ ಬರೀತೀನಿ ಅಂತಾಳೆ. ನೀಟ್ ಇರುವಾಗ ಇದೆಲ್ಲ ಯಾಕೆ ಅಂತ ನೆಂಟರು ಬೈತಾರೆ. ಹೈದರಾಬಾದಿನ ಕೋಚಿಂಗಿಗೆ ಹಾಕಲೇ?
– ಒಬ್ಬ ತಂದೆ, ಶಹಾಪುರ

ಸಂಪಾದಕರ ಉತ್ತರ: ಸರ್, ನಮಗೆ ಸೀಟಿನ ಬಗ್ಗೆ ಪತ್ರಗಳು ಬರುತ್ತಲೇ ಇರುತ್ತವೆ. ಒಂದು ವಿಷಯದ ಮೇಲಿನ ಪ್ರೀತಿಯ ಬಗ್ಗೆ ಬರುವುದು ಅಪರೂಪ. ನಿಮ್ಮ ಪತ್ರ ಓದಿ ಖುಷಿಯಾಯಿತು.

ಮನೆಯಲ್ಲೊಬ್ಬರು ಡಾಕ್ಟರ್ ಆಗಲಿ ಅನ್ನುವ ಆಸೆ ತಪ್ಪಲ್ಲ. ಕೋಚಿಂಗಿನಿಂದ ವೇಗ ಬರುವುದೂ ನಿಜ. ಆದರೆ ಒಲಿಂಪಿಯಾಡ್ ಕೇಳುವುದೇ ಬೇರೆ. ನಮ್ಮಲ್ಲಿ ಅದರ ಮೊದಲ ಮೆಟ್ಟಿಲು ನವೆಂಬರಿನಲ್ಲಿ ದೇಶದಾದ್ಯಂತ ನಡೆಯುವ ಎನ್‌ಎಸ್‌ಇಪಿ ಎಂಬ ಫಿಸಿಕ್ಸ್ ಪರೀಕ್ಷೆ. ಕೊನೆಯ ಮೆಟ್ಟಿಲು 1967ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಶುರುವಾದ ಅಂತರರಾಷ್ಟ್ರೀಯ ಫಿಸಿಕ್ಸ್ ಒಲಿಂಪಿಯಾಡ್. ಅಲ್ಲಿ 5 ಗಂಟೆಗೆ ಮೂರೇ ಥಿಯರಿ ಪ್ರಶ್ನೆ, 30 ಅಂಕ. ಇನ್ನೊಂದು ದಿನ 5 ಗಂಟೆ ಬರೀ ಪ್ರಯೋಗ, 20 ಅಂಕ. ಐವತ್ತರಲ್ಲಿ ಇಪ್ಪತ್ತು ಅಂಕ ಕೈಯಿಂದ ಮಾಡಿ ತೋರಿಸಿದ್ದಕ್ಕೆ!

ಅದಕ್ಕೆ ಹೈದರಾಬಾದ್ ಬೇಕಿಲ್ಲ. ಒಂದು ದಾರ, ಒಂದು ಕಬ್ಬಿಣದ ನಟ್, ಮೊಬೈಲಿನ ಸ್ಟಾಪ್‌ವಾಚ್ ಸಾಕು. ದಾರಕ್ಕೆ ನಟ್ ಕಟ್ಟಿ ತೂಗುಬಿಟ್ಟು ಆಡಿಸಲಿ. ದಾರ 25 ಸೆಂಟಿಮೀಟರ್ ಇದ್ದರೆ ಒಂದು ಸಲ ಹೋಗಿ ಬರಲು ಸುಮಾರು 1 ಸೆಕೆಂಡ್, 1 ಮೀಟರ್ ಇದ್ದರೆ 2 ಸೆಕೆಂಡ್. ಒಂದೇ ತೂಗಾಟ ಅಳೆಯಬಾರದು. ಇಪ್ಪತ್ತು ಎಣಿಸಿ ಭಾಗಿಸಲಿ. ನಟ್ ತುದಿಗೆ ಬಂದಾಗಲ್ಲ, ನಡುವೆ ಜೋರಾಗಿ ದಾಟುವಾಗ ಎಣಿಸಲಿ. ಆಮೇಲೆ ಉದ್ದಕ್ಕೆ ಎದುರಾಗಿ ಕಾಲದ ವರ್ಗ ಹಾಕಿ ಗ್ರಾಫ್ ಬರೆಯಲಿ. ಗೆರೆ ಸೊನ್ನೆಯಿಂದ ಹೊರಡದೆ ಸ್ವಲ್ಪ ಮೇಲೆ ಸರಿದಿದ್ದರೆ ಅಳಿಸಿ ನೇರ ಮಾಡಬಾರದು. ಬಹುಶಃ ದಾರವನ್ನು ನಟ್‌ನ ನಡುಭಾಗದವರೆಗೆ ಅಳೆಯದೆ ಗಂಟಿನವರೆಗಷ್ಟೇ ಅಳೆದಿದ್ದಾಳೆ. ಆ ತಪ್ಪನ್ನು ಗೆರೆಯೇ ತೋರಿಸಿಕೊಡುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವಳಿಗೆ ಯಾವ ಗೈಡೂ ಬೇಡ.

ಇನ್ನೊಂದು ಪ್ರಶ್ನೆ ನಿಮ್ಮ ಅಡುಗೆಮನೆಯಲ್ಲೇ ಇದೆ. ಮೇ ತಿಂಗಳಲ್ಲಿ ನಮ್ಮ ಕಡೆ ಮಡಿಕೆಯ ನೀರು ಅಷ್ಟು ತಣ್ಣಗಾಗುತ್ತದೆ, ಮಂಗಳೂರಿನಲ್ಲಿ ಯಾಕೆ ಆಗಲ್ಲ? ಗಾಳಿಯ ತೇವ ಅಂತ ಒಂದೇ ಮಾತಿನಲ್ಲಿ ಮುಗಿಸಬಾರದು. ಎಷ್ಟು ನೀರು ಆವಿಯಾದರೆ ಎಷ್ಟು ಡಿಗ್ರಿ ಇಳಿಯುತ್ತದೆ ಅಂತ ಲೆಕ್ಕ ಹಾಕಲಿ. ಒಂದೇ ಲೆಕ್ಕಕ್ಕೆ ವಾರ ಹಿಡಿದರೂ ಹಿಡಿಯಲಿ. ಹಳೆಯ ಪ್ರಶ್ನೆಪತ್ರಿಕೆಗಳು ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಒಮ್ಮೆ ಕಲಬುರಗಿಯ ವಿಜ್ಞಾನ ಕೇಂದ್ರಕ್ಕೂ ಕರೆದುಕೊಂಡು ಹೋಗಿ.

ಒಂದು ಮಾತಿಗೆ ಮಾತ್ರ ನಿಮ್ಮ ಮೇಲೆ ನನಗೆ ಬೇಜಾರು. ಕೋಚಿಂಗ್ ಬಗ್ಗೆ ಕೇಳಿದ್ದೀರಿ, ಮಗಳ ಕಾಲೇಜಿನ ಲ್ಯಾಬ್ ಹೇಗಿದೆ ಅಂತ ಒಂದಕ್ಷರ ಬರೆದಿಲ್ಲ. ಈ ಭಾಗದ ಒಂದು ಕಾಲೇಜಿಗೆ ಹೋಗಿದ್ದೆ. ಸ್ಕ್ರೂಗೇಜುಗಳು ಪ್ಲಾಸ್ಟಿಕ್ ಕವರಿನಲ್ಲೇ ಇದ್ದವು. ರೆಕಾರ್ಡ್ ಪುಸ್ತಕದಲ್ಲಿ ಮಾತ್ರ ಎಲ್ಲರ ರೀಡಿಂಗೂ ಒಂದೇ! ಸುಮ್ನೆ ನೋಡಿ ಬರೆದದ್ದು. ಕಲ್ಯಾಣ ಕರ್ನಾಟಕಕ್ಕೆ ಸೀಟು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಮಕ್ಕಳಿಗೆ ಸೀಟು ಸಿಗುತ್ತಿದೆ, ಅದು ದೊಡ್ಡದು. ಆದರೆ ಸೀಟಿಗಾಗಿ ಬೀದಿಗಿಳಿದ ನಾವು ಲ್ಯಾಬಿಗಾಗಿ ಒಮ್ಮೆಯೂ ಇಳಿಯಲಿಲ್ಲ. ಮುಂದಿನ ಪಾಲಕರ ಸಭೆಯಲ್ಲಿ ಎದ್ದು ನಿಂತು ಕೇಳಿ: ಈ ವರ್ಷ ಲ್ಯಾಬಿನ ಬಾಗಿಲು ಎಷ್ಟು ಸಲ ತೆಗೆದಿದ್ದೀರಿ? ನಾಲ್ಕು ಜನ ಪಾಲಕರು ಜೊತೆಗಿದ್ದರೆ ಇನ್ನೂ ಒಳ್ಳೆಯದು.