ಎಣ್ಣೆ ಬಾವಿಯ ಸುತ್ತ ಬರೀ ಒಂದು ಮೀಟರ್ ಕಲ್ಲು ಹಾಳಾದರೆ ಉತ್ಪಾದನೆ ಅಷ್ಟೊಂದು ಬೀಳುತ್ತದಾ?

ಪ್ರಶ್ನೆ ಕೇಳಿದವರು ಮೈಸೂರಿನಲ್ಲಿ ಮೆಕ್ಯಾನಿಕಲ್ ಕೊನೆಯ ವರ್ಷ ಓದುತ್ತಿದ್ದಾರಂತೆ, ಊರು ಮಂಡ್ಯ ಕಡೆ. ತೈಲ ಕಂಪನಿಯೊಂದರ ಇಂಟರ್‌ವ್ಯೂಗೆ ತಯಾರಾಗುತ್ತಿದ್ದಾರೆ. ಅವರ ಸಂಶಯ ಇಷ್ಟು: ಬಾವಿಯ ಸುತ್ತ ಒಂದು ಮೀಟರ್ ಕಲ್ಲು ಹಾಳಾದರೆ ಉತ್ಪಾದನೆ ಮುಕ್ಕಾಲು ಪಾಲು ಬಿದ್ದುಹೋಗುತ್ತದೆ ಅಂತ ಓದಿದೆ, ಇದು ನಿಜವಾ? ಹಾಗಿದ್ದರೆ ಅದೇ ಒಂದು ಮೀಟರನ್ನು ಆಸಿಡ್ ಹಾಕಿ ಹತ್ತು ಪಟ್ಟು ಚೆನ್ನಾಗಿ ಮಾಡಿದರೆ ಎಣ್ಣೆಯೂ ಹತ್ತು ಪಟ್ಟು ಬರಬೇಕಲ್ವಾ? ನಮ್ಮ ಹೊಲದ ಬೋರ್‌ವೆಲ್‌ಗೂ ಇದೇ ಲೆಕ್ಕವಾ?

ನಾನೂ ಮಂಡ್ಯದವನೇ. ಗುಜರಾತ್ ಕಡೆ ಬಾವಿ ಟೆಸ್ಟಿಂಗ್ ಕೆಲಸ ಮಾಡಿ ಈಗ ಮೈಸೂರಿಗೆ ಬಂದು ಕೂತಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೌದು. ಎರಡನೆಯದಕ್ಕೆ ಇಲ್ಲ. ಮೂರನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ.

ದಸರಾ ಪಂಜಿನ ಕವಾಯತಿನ ದಿನ ಬನ್ನಿಮಂಟಪದ ಕಡೆ ಹೋಗಿದ್ದೀರಾ? ಊರಿನ ಎಲ್ಲ ದಿಕ್ಕಿನಿಂದಲೂ ಜನ ಬರುತ್ತಾರೆ. ಕುವೆಂಪುನಗರದಲ್ಲಿ ರಸ್ತೆ ಅಗೆದಿದ್ದರೆ ಯಾರಿಗೂ ದೊಡ್ಡ ತೊಂದರೆ ಇಲ್ಲ. ಗೇಟಿನ ಮುಂದೆ ಅಡ್ಡಲಾಗಿ ಒಂದು ಬ್ಯಾರಿಕೇಡ್ ಇಟ್ಟರೆ ಎಲ್ಲರೂ ನಿಂತರು. ಬಾವಿಯ ಕಡೆಗೆ ಬರುವ ಎಣ್ಣೆಯ ಕಥೆಯೂ ಹೀಗೇ. ಹತ್ತಿರ ಬಂದಷ್ಟೂ ದಾರಿ ಕಿರಿದಾಗುತ್ತದೆ, ವೇಗ ಜಾಸ್ತಿಯಾಗುತ್ತದೆ, ಒತ್ತಡವೂ ಅಲ್ಲೇ ಜಾಸ್ತಿ ಖರ್ಚಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಬಾವಿಯ ರೇಡಿಯಸ್ 10 ಸೆಂಟಿಮೀಟರ್ ಇರಲಿ. ಸುತ್ತ 300 ಮೀಟರ್ ದೂರದಿಂದ ಅದು ಎಣ್ಣೆ ಎಳೆಯುತ್ತದೆ ಅಂದುಕೊಳ್ಳಿ. ಒತ್ತಡ ಇಳಿಯುವುದು ದೂರದ ಲಾಗರಿದಮ್ ಪ್ರಕಾರ. 300ನ್ನು 0.1ರಿಂದ ಭಾಗಿಸಿದರೆ 3000, ಅದರ ನ್ಯಾಚುರಲ್ ಲಾಗ್ ಸುಮಾರು 8. ಬಾವಿಯಿಂದ ಒಂದು ಮೀಟರ್ ತನಕ ಮಾತ್ರ ತೆಗೆದುಕೊಂಡರೆ 10ರ ಲಾಗ್, ಅಂದರೆ 2.3. ಎಂಟರಲ್ಲಿ 2.3 ಅಂದರೆ ಶೇಕಡಾ 29. ಮುನ್ನೂರು ಮೀಟರ್ ದಾರಿಯಲ್ಲಿ ಕೊನೆಯ ಒಂದು ಮೀಟರ್ ಕೂಡ ಇಲ್ಲದ ಜಾಗ ಒತ್ತಡದ ಕಾಲು ಭಾಗಕ್ಕಿಂತ ಜಾಸ್ತಿ ತಿಂದುಹಾಕುತ್ತದೆ. ಅದೂ ಕಲ್ಲು ಚೆನ್ನಾಗಿದ್ದಾಗ.

ಈಗ ಆ ಒಂದು ಮೀಟರಿನಲ್ಲಿ ಪರ್ಮಿಯಬಿಲಿಟಿ, ಅಂದರೆ ಕಲ್ಲಿನೊಳಗೆ ದ್ರವ ಹರಿಯುವ ಸಲೀಸು, ಹತ್ತನೇ ಒಂದಕ್ಕೆ ಇಳಿಯಿತು ಅನ್ನಿ. ಈ ಹೆಚ್ಚುವರಿ ಅಡ್ಡಿಯನ್ನು ಸ್ಕಿನ್ ಅನ್ನುವ ಒಂದೇ ಸಂಖ್ಯೆಯಲ್ಲಿ ಹೇಳಬಹುದು ಅಂತ ವ್ಯಾನ್ ಎವರ್ಡಿಂಗನ್ ಮತ್ತು ಹರ್ಸ್ಟ್ 1953ರಲ್ಲಿ ತೋರಿಸಿದರು. ಕಲ್ಲು ಎಷ್ಟು ದೂರ, ಎಷ್ಟು ಹಾಳಾಗಿದೆ ಅನ್ನುವುದರಿಂದ ಅದನ್ನು ಲೆಕ್ಕ ಹಾಕುವ ಸೂತ್ರ ಹಾಕಿನ್ಸ್ ಕೊಟ್ಟದ್ದು, 1956ರಲ್ಲಿ. ಒಳ್ಳೆಯ ಕಲ್ಲಿನ ಪರ್ಮಿಯಬಿಲಿಟಿಯನ್ನು ಹಾಳಾದ ಕಲ್ಲಿನದರಿಂದ ಭಾಗಿಸಿ, 1 ಕಳೆದು, ಹಾಳಾದ ಜಾಗದ ಲಾಗ್‌ನಿಂದ ಗುಣಿಸಬೇಕು. ನಮ್ಮ ಉದಾಹರಣೆಗೆ 9 ಗುಣಿಸು 2.3, ಸುಮಾರು 20.7. ಮೊದಲು 8 ಇದ್ದ ಅಡ್ಡಿ ಈಗ 28.7. ಅಲ್ಲಿಗೆ ಉತ್ಪಾದನೆ ಶೇಕಡಾ 28ಕ್ಕೆ ಇಳಿಯಿತು. ನೀವು ಓದಿದ್ದು ಸರಿಯಾಗೇ ಇದೆ.

ಅದನ್ನೇ ತಿರುಗಿಸಿ. ಹಾಳಾಗದ ಕಲ್ಲಿನಲ್ಲಿ ಅದೇ ಒಂದು ಮೀಟರನ್ನು ಹತ್ತು ಪಟ್ಟು ಚೆನ್ನಾಗಿ ಮಾಡಿದಿರಿ. ಸ್ಕಿನ್ ಈಗ ಮೈನಸ್ 2.07. ಅಡ್ಡಿ 8ರಿಂದ 5.93ಕ್ಕೆ ಇಳಿಯಿತು. ಉತ್ಪಾದನೆ ಏರಿದ್ದು ಶೇಕಡಾ 35 ಮಾತ್ರ. ಆ ಕಲ್ಲನ್ನು ಪೂರ್ತಿ ಕಿತ್ತು ಬಿಸಾಕಿದರೂ ಶೇಕಡಾ 40ರ ಮೇಲೆ ಹೋಗಲ್ಲ. ಹಾಳಾದರೆ ಮುಕ್ಕಾಲು ಹೋಗುತ್ತದೆ, ಉದ್ಧಾರ ಮಾಡಿದರೆ ಅರ್ಧವೂ ಬರಲ್ಲ. ಹೊಸದಾಗಿ ಸೇರುವ ಇಂಜಿನಿಯರ್‌ಗಳಿಗೆ ನಾನು ಮೊದಲು ಮಾಡಿಸುತ್ತಿದ್ದ ಲೆಕ್ಕವೇ ಇದು. ಬಾವಿ ಹಾಳಾಗಿದ್ದರೆ ಮಾತ್ರ ಆಸಿಡ್‌ಗೆ ದುಡ್ಡು ಹಾಕಿ. ಚೆನ್ನಾಗಿರುವ ಬಾವಿಯಿಂದ ಇನ್ನೂ ಬೇಕು ಅಂದರೆ ಹೈಡ್ರಾಲಿಕ್ ಫ್ರಾಕ್ಚರಿಂಗ್, ಅಂದರೆ ಒತ್ತಡದಲ್ಲಿ ದ್ರವ ನುಗ್ಗಿಸಿ ಕಲ್ಲಿನಲ್ಲಿ ಬಿರುಕು ಬಿಡಿಸುವುದು, ಮಾಡಬೇಕು, 1947ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಶುರುವಾದ ವಿದ್ಯೆ. ಆ ಬಿರುಕು ಹತ್ತಾರು ಮೀಟರ್ ದೂರ ಹೋಗುವುದರಿಂದ ಸ್ಕಿನ್ ಮೈನಸ್ 5ರ ತನಕವೂ ಇಳಿಯಬಹುದು.

ಕಲ್ಲು ಹಾಳಾಗುವುದು ಹೇಗೆ? ಬಹಳ ಸಲ ನಾವೇ ಹಾಳು ಮಾಡುತ್ತೇವೆ. ಕೊರೆಯುವಾಗ ಎಣ್ಣೆ ಮೇಲೆ ಚಿಮ್ಮಬಾರದು ಅಂತ ಮಡ್ಡಿನ (mud, ಬಾವಿಯೊಳಗೆ ತುಂಬುವ ಕೆಸರಿನಂಥ ದ್ರವ) ಒತ್ತಡವನ್ನು ಕಲ್ಲಿನ ಒತ್ತಡಕ್ಕಿಂತ ಜಾಸ್ತಿ ಇಡುತ್ತಾರೆ. ಹಾಗಾಗಿ ಮಡ್ಡಿನ ನೀರು ಮತ್ತು ಸಣ್ಣ ಕಣಗಳು ಕಲ್ಲಿನೊಳಗೆ ನುಗ್ಗುತ್ತವೆ. ಮರಳುಗಲ್ಲಿನಲ್ಲಿ ಜೇಡಿ ಇದ್ದರೆ ಹಾಳಾಗುವುದಕ್ಕೆ ಆ ನೀರೇ ಸಾಕು. ಇದನ್ನು ಲ್ಯಾಬಿನಲ್ಲಿ ಕಣ್ಣಾರೆ ನೋಡಬಹುದು. ಹೆಬ್ಬೆರಳು ಗಾತ್ರದ ಮರಳುಗಲ್ಲಿನ ತುಂಡಿಗೆ ಉಪ್ಪುನೀರು ಹಾಯಿಸುತ್ತಿರಿ, ಒತ್ತಡ ತೋರಿಸುವ ಗೇಜಿನ ಮುಳ್ಳು ಅಲುಗಾಡದೆ ನಿಂತಿರುತ್ತದೆ. ಈಗ ಸಿಹಿನೀರಿಗೆ ಬದಲಾಯಿಸಿ. ಸ್ವಲ್ಪ ಹೊತ್ತಿಗೆ ಆಚೆ ತುದಿಯಿಂದ ಬೀಳುವ ಹನಿ ಕದಡುತ್ತದೆ, ಮುಳ್ಳು ಏರತೊಡಗುತ್ತದೆ. ಮರಳಿನ ಕಾಳಿಗೆ ಅಂಟಿಕೊಂಡಿದ್ದ ಕಯೋಲಿನೈಟ್ ಅನ್ನುವ ಜೇಡಿ ಕಣಗಳು ಉಪ್ಪು ಹೋದ ಕೂಡಲೇ ಬಿಟ್ಟುಕೊಂಡು, ಸಂದಿಗಳ ಕತ್ತಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಹರಿವಿನ ದಿಕ್ಕು ತಿರುಗಿಸಿದರೆ ಸ್ವಲ್ಪ ಸಡಿಲವಾಗಿ, ಮತ್ತೆ ಆಚೆ ಕಡೆ ಕಟ್ಟಿಕೊಳ್ಳುತ್ತದೆ. ಬಾವಿಗೆ ಇಳಿಸುವ ನೀರಿಗೆ ಪೊಟ್ಯಾಶಿಯಂ ಕ್ಲೋರೈಡ್ ಬೆರೆಸುವುದು ಇದಕ್ಕೇ.

ಇನ್ನು ಸ್ಕೇಲ್ (ನೀರಿನ ಲವಣ ಕಟ್ಟಿಕೊಂಡ ಪದರ), ಮೇಣ, ಎಮಲ್ಷನ್ (ಎಣ್ಣೆ ನೀರು ಬೆರೆತ ಗಟ್ಟಿ ಮಿಶ್ರಣ), ಬ್ಯಾಕ್ಟೀರಿಯಾ ಎಲ್ಲವೂ ಬಾವಿಗೆ ಅಂಟುವ ರೋಗಗಳೇ. ಒಂದೊಂದಕ್ಕೂ ಮದ್ದು ಬೇರೆ. ಮುಂಬೈ ಕಡಲಿನಲ್ಲಿ 1974ರಲ್ಲಿ ಸಿಕ್ಕ ಬಾಂಬೆ ಹೈ ಎಣ್ಣೆ ಕ್ಷೇತ್ರದಲ್ಲಿ ಮುಖ್ಯವಾಗಿ ಸುಣ್ಣಕಲ್ಲು. ಸುಣ್ಣಕಲ್ಲು ಹೈಡ್ರೋಕ್ಲೋರಿಕ್ ಆಸಿಡ್‌ಗೆ ಸಲೀಸಾಗಿ ಕರಗಿ ಹುಳು ಕೊರೆದ ಹಾಗೆ ದಾರಿ ಬಿಡುತ್ತದೆ. ಮರಳುಗಲ್ಲು ಹಾಗಲ್ಲ, ಅದಕ್ಕೆ ಹೈಡ್ರೋಫ್ಲೋರಿಕ್ ಬೇಕು. ಆದರೆ ಕಲ್ಲಿನಲ್ಲಿ ಸುಣ್ಣದ ಅಂಶ ಉಳಿದಿದ್ದರೆ ಕ್ಯಾಲ್ಸಿಯಂ ಫ್ಲೋರೈಡ್ ಗಟ್ಟಿಯಾಗಿ ಕೂತು ಮೊದಲಿಗಿಂತ ಜಾಸ್ತಿ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಮೊದಲು ಬರೀ ಹೈಡ್ರೋಕ್ಲೋರಿಕ್ ಓಡಿಸಿ ಸುಣ್ಣ ತೊಳೆಯುತ್ತಾರೆ. ರಾಜಸ್ಥಾನದ ಮಂಗಳಾ ಕ್ಷೇತ್ರದಂಥ ಕಡೆ ಎಣ್ಣೆಯಲ್ಲೇ ಮೇಣ ಜಾಸ್ತಿ. ಮೇಣಕ್ಕೆ ಈ ಆಸಿಡ್ ಹಾಕಿ ಏನೂ ಪ್ರಯೋಜನವಿಲ್ಲ, ಬಿಸಿ ಇಲ್ಲವೇ ಕ್ಸೈಲಿನ್‌ನಂಥ ದ್ರಾವಕ ಬೇಕು.

ಇಂಟರ್‌ವ್ಯೂನಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಬಾವಿ ಮುಚ್ಚಿ ಒತ್ತಡ ಏರುವುದನ್ನು ಅಳೆದು, ಹಾರ್ನರ್ ಪ್ಲಾಟ್ ಅನ್ನುವ ಗ್ರಾಫ್ ಹಾಕಿ ಸ್ಕಿನ್ ತೆಗೆಯುತ್ತಾರೆ. ಅಲ್ಲಿ ಬರುವುದು ಒಟ್ಟು ಸಂಖ್ಯೆ. ಅದರಲ್ಲಿ ಕಲ್ಲಿನ ಹಾನಿ ಎಷ್ಟು, ಬಾವಿ ಕಟ್ಟಿದ ರೀತಿಯಿಂದ ಬಂದದ್ದು ಎಷ್ಟು ಅಂತ ಟೆಸ್ಟ್ ಹೇಳಲ್ಲ. ನಾನಿದ್ದ ಕಡೆ ಒಂದು ಬಾವಿಗೆ ಸ್ಕಿನ್ ಪ್ಲಸ್ 15ರ ಆಸುಪಾಸು ಬಂತು. ಮೇಲಿನವರು ಆಸಿಡ್ ಹಾಕಿಸಿದರು, ಜಪ್ಪಯ್ಯ ಅನ್ನಲಿಲ್ಲ. ಮತ್ತೊಮ್ಮೆ ಹಾಕಿಸಿದರು. ಕಡೆಗೆ ಯಾರೋ ಹಳೆ ಫೈಲ್ ತೆಗೆದು ನೋಡಿದರೆ, ಎಣ್ಣೆ ಪದರದಲ್ಲಿ ಮೇಲಿನ ಕಾಲು ಭಾಗಕ್ಕೆ ಮಾತ್ರ ಪರ್ಫೊರೇಷನ್, ಅಂದರೆ ಎಣ್ಣೆ ಒಳಬರಲು ಕೇಸಿಂಗ್ ಪೈಪಿಗೆ ಕಿಂಡಿ, ಮಾಡಿದ್ದರು! ಇಡೀ ಪದರದ ಎಣ್ಣೆ ಆ ಕಿಂಡಿಗಳ ಕಡೆಗೇ ಬಾಗಿ ಬರಬೇಕಿತ್ತು. ಅದಕ್ಕೆ ಯಾವ ಆಸಿಡ್ ಏನು ಮಾಡುತ್ತದೆ? ಗ್ಯಾಸ್ ಬಾವಿಯಲ್ಲಿ ಇನ್ನೊಂದು ತಕರಾರು: ವೇಗ ಜಾಸ್ತಿಯಾದರೆ ಟರ್ಬ್ಯುಲೆನ್ಸ್‌ನಿಂದಲೇ, ಅಂದರೆ ಹರಿವು ಸುಳಿಸುಳಿಯಾಗುವುದರಿಂದಲೇ, ಸ್ಕಿನ್ ಏರುತ್ತದೆ. ಎರಡು ಮೂರು ಬೇರೆ ಬೇರೆ ರೇಟಿನಲ್ಲಿ ಟೆಸ್ಟ್ ಮಾಡಿ, ರೇಟಿನ ಜೊತೆ ಸ್ಕಿನ್ ಏರಿದರೆ ಆ ಏರಿಕೆ ಹಾನಿಯದ್ದಲ್ಲ ಅಂತ ಗೊತ್ತಾಗುತ್ತದೆ.

ಈಗ ನಿಮ್ಮ ಬೋರ್‌ವೆಲ್. ಮಂಡ್ಯದ ಕೆಳಗಿರುವುದು ನೈಸ್ (gneiss) ಅನ್ನುವ ಬಹಳ ಹಳೆಯ ಗಟ್ಟಿ ಕಲ್ಲು. ಅದರಲ್ಲಿ ಎಣ್ಣೆಯ ಆಸೆ ಬೇಡ. ಕಾವೇರಿ ಬೇಸಿನ್‌ನಲ್ಲಿ ಎಣ್ಣೆ ಇದೆ, ಆದರೆ ತಮಿಳುನಾಡಿನ ನರಿಮಣಂ ಕಡೆ, ಅಲ್ಲೂ ನಮಗೆ ಪಾಲಿಲ್ಲ! ನಮ್ಮಲ್ಲಿ ನೀರು ಬರುವುದು ಕಲ್ಲಿನ ಬಿರುಕುಗಳಿಂದ, ಹಾಗಾಗಿ ಮೇಲಿನ ಲಾಗರಿದಮ್ ಲೆಕ್ಕ ಹಾಗೇ ಕೂರಲ್ಲ. ಆದರೆ ಬಾವಿಯ ಬಾಯಲ್ಲೇ ದಾರಿ ಕಟ್ಟಿಕೊಳ್ಳುವುದು ಇಲ್ಲೂ ಇದೆ. ಕೊರೆಯುವಾಗ ಬರುವ ಕಲ್ಲಿನ ಹಿಟ್ಟು ಬಿರುಕಿನ ಬಾಯಿಗೆ ಮೆತ್ತಿಕೊಳ್ಳುತ್ತದೆ. ರಿಗ್‌ನವರು ಅವಸರ ಮಾಡಿದರೂ ನೀರು ತಿಳಿಯಾಗುವ ತನಕ ಕಂಪ್ರೆಸರ್‌ನಿಂದ ಫ್ಲಶ್ ಮಾಡಿಸಿ, ಆಮೇಲೆ ಮೋಟರ್ ಇಳಿಸಿ. ಆಸಿಡ್ ಮಾತ್ರ ಬೇಡವೇ ಬೇಡ. ನೈಸ್ ಕಲ್ಲು ಹೈಡ್ರೋಕ್ಲೋರಿಕ್‌ಗೆ ಕರಗಲ್ಲ, ಕಬ್ಬಿಣದ ಕೇಸಿಂಗ್ ತೂತಾಗುತ್ತದೆ, ನೀರೂ ಕೆಡುತ್ತದೆ. ನೀರು ತೀರಾ ಕಮ್ಮಿ ಇದ್ದರೆ ಪ್ಯಾಕರ್ (ಬೋರ್ ಒಳಗೆ ಬಿಗಿಯಾಗಿ ಕೂರುವ ಬಿರಡೆ) ಕೂರಿಸಿ ಒತ್ತಡದಲ್ಲಿ ನೀರು ನುಗ್ಗಿಸುವ ಹೈಡ್ರೋಫ್ರಾಕ್ಚರಿಂಗ್ ಮಾಡುವವರಿದ್ದಾರೆ. ಅಕ್ಕಪಕ್ಕದ ಬೋರ್‌ಗಳಲ್ಲಿ ನೀರಿದ್ದು ನಿಮ್ಮದರಲ್ಲಿ ಮಾತ್ರ ಇಲ್ಲ ಅಂದರೆ ವಿಚಾರಿಸಿ ನೋಡಿ. ಸುತ್ತಲೂ ಬತ್ತಿದ್ದರೆ ಆ ದುಡ್ಡನ್ನು ಸುಮ್ನೆ ಹಾಳು ಮಾಡಬೇಡಿ.